ರಾಹುಕಾಲಕ್ಕೆ ಕಾಯದ ಮೊಟ್ಟೆ

ಬಾಳೆಹಣ್ಣು ಕಳಿತು ಸಣ್ಣ ನೊಣ ಮುತ್ತಿದರೆ ನೀವು ಹಣ್ಣು ಎಸೆಯುತ್ತೀರಿ. ಇವತ್ತು ಬೆಳಿಗ್ಗೆ ಅಡುಗೆಕಟ್ಟೆಯ ಮೇಲೆ ಅವನ್ನು ಕಂಡು ನಾನು ಪಕ್ಕಕ್ಕೆ ಸರಿದೆ. ನಮ್ಮ ಮನೆಯಲ್ಲಿ ಅವಕ್ಕೆ ಮರ್ಯಾದೆ ಜಾಸ್ತಿ. ಮೊಮ್ಮಗಳು ಚೈತ್ರ ಲ್ಯಾಬಿನಲ್ಲಿ ಜೋಳದ ಹಿಟ್ಟು, ಬೆಲ್ಲ ಹಾಕಿ ಅವನ್ನು ಸಾಕುತ್ತಾಳೆ. ಅದಕ್ಕೆ ಪಿಎಚ್‌ಡಿ ಕೊಡುತ್ತಾರಂತೆ.

ನಾನು ಓದಿದ್ದು ಮೂರನೇ ಕ್ಲಾಸು. ಅವಳು ಬಿಡಿಸಿ ಹೇಳಿದ್ದರಲ್ಲಿ ನನಗೆ ಹತ್ತಿದ್ದು ಇಷ್ಟು: ತಾಯಿನೊಣ ಮೊಟ್ಟೆಯೊಳಗೇ ತನ್ನ ಮಾತೆಲ್ಲ ತುಂಬಿ ಕಳಿಸುತ್ತದೆ. ಆ ಮಾತಿಗೆ ಆರ್‌ಎನ್‌ಎ ಅಂತ ಹೆಸರು. ಅದನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿವೆ. ತಲೆ ಈ ಕಡೆ, ಬಾಲ ಆ ಕಡೆ, ಇದು ಈಗ, ಅದು ಆಮೇಲೆ ಎಂದು ಅವೇ ನೋಡಿಕೊಳ್ಳುತ್ತವೆ. ಒಂದೆರಡು ಗಂಟೆ ಕಳೆದ ಮೇಲೆ ಅವುಗಳಲ್ಲೇ ಕೆಲವು ಸೇರಿ ತಾಯಿಯ ಮಾತನ್ನು ಅಳಿಸಿಹಾಕುತ್ತವೆ. ಅಳಿಸದಿದ್ದರೆ ಮರಿ ಅಲ್ಲೇ ಸಾಯುತ್ತದಂತೆ. ಇದನ್ನು ಕೇಳಿ ನನ್ನ ಸೊಸೆಯ, ಅಂದರೆ ಚೈತ್ರಳ ಅಮ್ಮನ, ಮುಖ ಊದಿಕೊಂಡಿತು. "ನಂಗೇ ಹೇಳ್ತಿದಾಳೆ" ಎಂದಳು. ನಾನು ನಕ್ಕೆ. ಸಾರಿಗೆ ಉಪ್ಪು ಎಷ್ಟು ಎಂದು ಈ ಮನೆಯಲ್ಲಿ ಇಂದಿಗೂ ಹೇಳುವವಳು ನಾನು.

ಹೋದ ವರ್ಷ ಒಂದು ಭಾನುವಾರ ಚೈತ್ರಳನ್ನು ನೋಡಲು ರಾಜರಾಜೇಶ್ವರಿನಗರದಿಂದ ಗಂಡಿನವರು ಬರುವುದಿತ್ತು. ನಾಲ್ಕಕ್ಕೆ ಎಂದಿದ್ದರು. ಅವರನ್ನು ಕಳಿಸಿ ಮೆಟ್ರೊ ಹಿಡಿಯುವ ಲೆಕ್ಕದಲ್ಲಿ ಅವಳು ಲ್ಯಾಬಿನ ಗೆಳತಿಗೆ ಹೇಳಿ ನೊಣಗಳಿಂದ ಮೊಟ್ಟೆ ಇಡಿಸಿದ್ದಳು. ಮಾತು ಅಳಿಯುವ ಗಳಿಗೆಯಲ್ಲೇ ಅವನ್ನು ತೆಗೆಯಬೇಕು. ತಪ್ಪಿದರೆ ತಿಂಗಳುಗಟ್ಟಲೆ ಸಾಕಿದ ನೊಣ ದಂಡ.

ಗಂಡಿನವರು ಬಂದದ್ದು ನಾಲ್ಕೂ ಮುಕ್ಕಾಲಿಗೆ. ರಾಹುಕಾಲ ಹಿಡಿದಿತ್ತು. ಹೊಸಿಲು ದಾಟುವ ಹಾಗಿಲ್ಲವೆಂದು ಗೇಟಿನ ಮುಂದೆ ಕಾರಿನಲ್ಲೇ ಎಸಿ ಹಾಕಿಕೊಂಡು ಕೂತರು. ನನ್ನ ಮಗ ಅಲ್ಲಿಗೇ ನೀರು, ಕೋಡುಬಳೆ ಸಾಗಿಸಿದ. ಒಳಗೆ ರೇಷ್ಮೆಸೀರೆಯುಟ್ಟ ಚೈತ್ರ ಗಡಿಯಾರ ನೋಡುತ್ತಿದ್ದಳು.

"ಅಜ್ಜಿ, ಮೊಟ್ಟೆಗೆ ರಾಹುಕಾಲ ಗೊತ್ತಾಗಲ್ಲ" ಎಂದಳು. ಕಣ್ಣು ತುಂಬಿತ್ತು.

"ಮತ್ತೆ ಇಲ್ಲೇನ್ ಮಾಡ್ತಿದೀಯ? ಹಿಂದಿನ ಬಾಗ್ಲಲ್ಲಿ ಹೋಗು ಕಣೇ."

ಸೀರೆ ಎತ್ತಿಕಟ್ಟಿಕೊಂಡು ಓಡಿದಳು.

ಆರಕ್ಕೆ ಗಂಡಿನ ತಾಯಿ ಬಲಗಾಲಿಟ್ಟು ಒಳಬಂದು, ಕೇಸರಿಬಾತ್ ಮುಗಿಸಿ, ಹುಡುಗಿ ಎಲ್ಲಿ ಎಂದರು.

"ನೊಣದ ಮೊಟ್ಟೆ ನೋಡೋಕೆ ಹೋದ್ಲು. ಇಷ್ಟೊತ್ತು ಕಾರಲ್ಲಿ ಕೂತಿದ್ರಲ್ಲ, ಹಾಗೇ ಇನ್ನೊಂಚೂರು ಕೂತ್ಕೊಳ್ಳಿ, ಬರ್ತಾಳೆ" ಎಂದೆ.

ಅವರು ಕೂರಲಿಲ್ಲ. ಸೊಸೆ ಎಷ್ಟೋ ದಿನ ನನ್ನೊಡನೆ ಮಾತು ಬಿಟ್ಟಳು. ಮನೆ ತಣ್ಣಗಿತ್ತು, ನನಗೇನೂ ನಷ್ಟವಾಗಲಿಲ್ಲ.

ಇವತ್ತು ಮಧ್ಯಾಹ್ನ ಮತ್ತೆ ಯಾರೋ ಗಂಡಿನ ಕಡೆಯವರ ಫೋನು. ಸೊಸೆ ಅದಕ್ಕೆ ಕೈ ಅಡ್ಡ ಹಿಡಿದು ಮಗಳನ್ನು ಕೇಳಿದಳು, "ನಿಂಗೆ ಯಾವತ್ತು ಆಗುತ್ತೆ?" ಹೆಣ್ಣು ನೋಡುವ ದಿನವನ್ನು ಹೆಣ್ಣನ್ನೇ ಕೇಳಿದ್ದು ನಮ್ಮ ವಂಶದಲ್ಲಿ ಇದೇ ಮೊದಲು.

"ಸದ್ಯಕ್ಕೆ ಯಾವತ್ತೂ ಆಗಲ್ಲಮ್ಮ" ಎಂದಳು ಚೈತ್ರ.

ಸೊಸೆ ಹಾಗೆಯೇ ಫೋನಿಗೆ ಹೇಳಿದಳು. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಇಬ್ಬರೂ ನನ್ನ ಕಡೆ ತಿರುಗಿದರು.

ಮುಚ್ಚಿಕೊಂಡೆ.