ಕೆಂಗಣ್ಣನಿಗೆ ಕಾಫಿ ನಿಂತದ್ದು

ಬಾಟಲಿ ಕಾರ್ಖಾನೆಯ ಕುಲುಮೆ ಮುಂದೆ ಇಪ್ಪತ್ತೆರಡು ವರ್ಷ ನಿಂತವನಿಗೆ ಜೊತೆಗಾರರು ಇಟ್ಟ ಹೆಸರು ಕೆಂಗಣ್ಣ. ಮೈಯೆಲ್ಲ ಬೆವರಾಗಿ ಹರಿದರೂ ನೀರೆಂದರೆ ಅವನಿಗೆ ಆಗುತ್ತಿರಲಿಲ್ಲ. ಗಂಟಲಲ್ಲಿ ಇಳಿಯುತ್ತಿದ್ದದ್ದು ಕಾಫಿ ಒಂದೇ, ದಿನಕ್ಕೆ ಏಳೆಂಟು ಲೋಟ. ಫ್ಲಾಸ್ಕು ತುಂಬಿ ಕೊಡುವುದು ಹೆಂಡತಿಯ ಕೆಲಸ. ಸ್ವಲ್ಪ ಆರಿದ್ದರೆ, ಸಕ್ಕರೆ ಒಂದು ಚಿಟಿಕೆ ಹೆಚ್ಚಾಗಿದ್ದರೆ, ಯಾರ ಎದುರಾದರೂ ಸರಿ, ಅವಳ ಕಾಲ ಬುಡಕ್ಕೇ ಸುರಿದು "ಒರೆಸು" ಅನ್ನುತ್ತಿದ್ದ. ಒಮ್ಮೆ ತನ್ನ ಸ್ವಂತ ತಂಗಿ ನೋಡುತ್ತಿದ್ದಂತೆಯೇ ಅವಳು ಕೂತು ಒರೆಸಿದ್ದಳು.

ಒಂದು ಭಾನುವಾರ ಪಕ್ಕೆಯಲ್ಲಿ ನೋವೆದ್ದು ಅವನು ಬಚ್ಚಲಲ್ಲಿ ಬಿದ್ದು ಹೊರಳಾಡಿದ. ಕಿಡ್ನಿಯಲ್ಲಿ ಕಲ್ಲು. ಅದನ್ನು ತೆಗೆದ ಡಾಕ್ಟರು, ಅವನಿನ್ನೂ ಮಂಪರಿನಲ್ಲಿದ್ದಾಗಲೇ ಹೆಂಡತಿಯನ್ನು ಹೊರಗೆ ಕರೆದರು.

"ಚೆನ್ನಾಗಿ ನೀರು ಕುಡಿಸಿ. ಕಾಫಿ ಬಿಡಿಸ್ಬೇಕಾಗಿಲ್ಲ, ಕಾಫಿ ಕುಡಿಯೋರಲ್ಲಿ ಕಲ್ಲು ಕಡಿಮೆನೇ. ನೀರು ಮುಟ್ಟಲ್ಲ ಅಂತೀರಿ, ಇಷ್ಟು ದಿನ ಇವರನ್ನ ಕಾಪಾಡಿದ್ದೇ ಆ ಕಾಫಿ ಇರ್ಬೇಕು."

ಮನೆಗೆ ಬಂದವನೇ ಅವನು ಕಾಫಿ ಕೇಳಿದ.

"ಕಾಫಿಯಿಂದ್ಲೇ ಕಲ್ಲಂತೆ. ಒಂದು ತೊಟ್ಟೂ ಕೂಡದಂತೆ," ಅಂದಳು. ನೀರಿನ ಮಾತು ಎತ್ತಲೇ ಇಲ್ಲ.

ಆ ನೋವು ನೆನೆದರೇ ಅವನಿಗೆ ನಡುಕ. ಜೊತೆಗಾರರು ಲೋಟ ಚಾಚಿದರೆ ಮುಖ ತಿರುಗಿಸುತ್ತಿದ್ದ. ಬೆಳಿಗ್ಗೆ ಒಂದು ಲೋಟ ನೀರು, ಊಟಕ್ಕೊಂದು, ಅಷ್ಟೇ. ಅವಳು ತನಗೊಬ್ಬಳಿಗೇ ಕಾಫಿ ಮಾಡಿಕೊಂಡು, ಅವನ ಎದುರಿಗೇ ಕೂತು, ಊದಿ ಊದಿ ಕುಡಿಯತೊಡಗಿದಳು.

ಹದಿನಾಲ್ಕು ತಿಂಗಳಿಗೆ ಮತ್ತೆ ಬಿದ್ದ. ಎಡಗಡೆ ಕಲ್ಲು ಸದ್ದಿಲ್ಲದೆ ದಾರಿ ಕಟ್ಟಿ, ಆ ಕಿಡ್ನಿ ಕೆಟ್ಟೇ ಹೋಗಿತ್ತು.

"ಕಾಫಿ ಯಾಕೆ ಬಿಟ್ರಿ?" ಡಾಕ್ಟರು ಈ ಸಲ ಅವನನ್ನೇ ಕೇಳಿದರು. "ಬೇಡ ಅಂದಿರ್ಲಿಲ್ವಲ್ಲ. ಎಲ್ಲ ಇವರಿಗೆ ಹೇಳಿದ್ದೆ."

ಡಾಕ್ಟರು ಹೋದ ಮೇಲೆ ಅವನು ಹೆಂಡತಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಕಿಡ್ನಿ ಹೋಗುತ್ತೆ ಅಂತಾನೂ?"

"ಅದು ಗೊತ್ತಿರ್ಲಿಲ್ಲ." ಸ್ವಲ್ಪ ಯೋಚಿಸಿ ಸೇರಿಸಿದಳು, "ಗೊತ್ತಿದ್ರೂ ಹೇಳ್ತಿರ್ಲಿಲ್ಲ."

ಹೊಡೆಯಲು ಕೈ ಎತ್ತಿದ. ಕೈಗೆ ಚುಚ್ಚಿದ್ದ ನಳಿಕೆ ಜಗ್ಗಿ ಜೀವ ಹೋದಂತಾಯಿತು. ಓಡಿ ಬಂದ ನರ್ಸು ಬೈದದ್ದು ಅವನಿಗೇ.

ಕಾರ್ಖಾನೆಯವರು ಅವನನ್ನು ಕುಲುಮೆಯಿಂದ ಎಬ್ಬಿಸಿ ಗೇಟಿನ ಹತ್ತಿರ ಕೂರಿಸಿದರು. ಅವಳು ತಂಗಿಯ ಮನೆಗೆ ಹೊರಟು ಹೋಗುತ್ತಾಳೆ ಅಂದುಕೊಂಡಿದ್ದ. ಹೋಗಲಿಲ್ಲ. ದಿನಾ ಮೂರು ಲೀಟರ್ ನೀರು ಅಳೆದಿಟ್ಟು, ಬೆಳಗಿನ ಪಾಲು ಮುಗಿಯುವ ತನಕ ತಲೆ ಮೇಲೆಯೇ ನಿಂತಿರುತ್ತಾಳೆ. "ಇನ್ನೂ ಇದೆ, ಕುಡಿ." ಎಂಥಾ ಸೇವೆ ಮಾಡ್ತಾಳೆ ಪುಣ್ಯಾತ್ಗಿತ್ತಿ, ಅನ್ನುತ್ತಾರೆ ಅಕ್ಕಪಕ್ಕದವರು. ಗೇಟಿನಲ್ಲಿ ಅವನು ಗಂಟೆಗೆರಡು ಸಲ ಪ್ಯಾಂಟು ಹಿಡಿದುಕೊಂಡು ಮೂತ್ರಕ್ಕೆ ಓಡುವಾಗ, ಲಾರಿ ಡ್ರೈವರುಗಳು ಬೇಕೆಂದೇ ಹಾರನ್ ಒತ್ತುತ್ತಾರೆ.