ಸಿರಾ ಎರಡು, ಮಧುಗಿರಿ ನಾಲ್ಕು

ದಾದಾಪೀರಣ್ಣ ಬಸ್ಸಿನ ಬಾಗಿಲಲ್ಲಿ ನಿಂತು ಊರು ಕೂಗತೊಡಗಿದರೆ ಅಕ್ಕಪಕ್ಕದ ಬಸ್ಸಿನ ಕಂಡಕ್ಟರುಗಳು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಂಥ ಗಂಟಲು. ಅವನ ಹೊಟ್ಟೆಪಾಡೂ ಅದೇ, ಜಂಬವೂ ಅದೇ. ಮಧುಗಿರಿಯಿಂದ ಸಿರಾಕ್ಕೆ ಹೋಗುವ ಆ ಪ್ರೈವೇಟ್ ಬಸ್ಸಿನಲ್ಲಿ ನಾನು ದಿನಾ ಮೊಬೈಲ್ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದೆ.

ನನ್ನ ಜೀವವೆಲ್ಲ ಇದ್ದದ್ದು ಡ್ರಮ್ಸಿನಲ್ಲಿ. ಭಾನುವಾರ ತುಮಕೂರಿನ ಒಂದು ಮೆಟಲ್ ಬ್ಯಾಂಡಿಗೆ ಬಾರಿಸುತ್ತಿದ್ದೆ. ನಮ್ಮದು ಪ್ರೋಗ್ರೆಸಿವ್ ಮೆಟಲ್, ನಾಲ್ಕರ ತಾಳದಲ್ಲಿ ನೆಟ್ಟಗೆ ನಡೆಯದೆ ಏಳು, ಹನ್ನೊಂದು ಅಂತ ಕುಂಟುವ ಸಂಗೀತ. ನಾನು ಏಳರಲ್ಲೇ ಎಡವುತ್ತಿದ್ದೆ. ಬರುವ ಭಾನುವಾರವೂ ತಪ್ಪಿದರೆ ಬೇರೆಯವರನ್ನು ನೋಡುತ್ತೇವೆ ಎಂದು ಗಿಟಾರಿನವನು ಮುಖಕ್ಕೇ ಹೇಳಿಬಿಟ್ಟಿದ್ದ.

ಬಸ್ಸಿನಲ್ಲಿ ತೊಡೆ ತಟ್ಟುತ್ತಾ ಒಂದು, ಎರಡು ಎಂದು ಗೊಣಗುತ್ತಿದ್ದೆ. ದಾದಾಪೀರಣ್ಣ ನನ್ನ ಇಯರ್‌ಫೋನ್ ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡ.

"ಈ ಹಾಡೋನಿಗೆ ಯಾರೋ ಹಲ್ಲು ಕೀಳ್ತಾವ್ರೆ ಕಣ್ಲಾ" ಎಂದ. ಇನ್ನಷ್ಟು ಕೇಳಿದ. "ನೀನು ಎಣಿಸ್ಬ್ಯಾಡ. ಎರಡು ಅನ್ನೋದ್ರಲ್ಲೇ ಮೂರ್ ಏಟು ಐತೆ, ಅಲ್ಲೇ ಸಿಕ್ಕಾಕ್ಕಂತೀಯ. ಊರು ಹೇಳು, ಅಕ್ಷರಕ್ಕೊಂದ್ ಏಟು. ಸಿರಾ ಅಂದ್ರೆ ಎರಡು, ನಿಡುಗಲ್ ಮೂರು, ಮಧುಗಿರಿ ನಾಕು, ಕೊರಟಗೆರೆ ಐದು. ನಿನ್ ಹಾಡು ನಿಡುಗಲ್-ಮಧುಗಿರಿ, ನಿಡುಗಲ್-ಮಧುಗಿರಿ ಅಂತ ಹೋಗ್ತೈತೆ. ಅಷ್ಟೇಯ."

ಆ ಭಾನುವಾರ ಮನಸ್ಸಿನಲ್ಲೇ ಊರು ಕೂಗುತ್ತಾ ಬಾರಿಸಿದೆ. ಬ್ಯಾಂಡಿನಲ್ಲಿ ಉಳಿದೆ.

ಅಲ್ಲಿಂದಾಚೆ ಅವನಿಗೂ ಹುಚ್ಚು ಹಿಡಿಯಿತು. ಹನ್ನೊಂದಕ್ಕೆ ಎರಡು ಮಧುಗಿರಿ, ಒಂದು ನಿಡುಗಲ್. ಒಮ್ಮೆ ಟಿಕೆಟ್ ಹರಿಯುತ್ತಾ "ಸಿರಾ-ಕೊರಟಗೆರೆ" ಎಂದು ಹೇಳಿಕೊಳ್ಳುತ್ತಿದ್ದಾಗ ಅಜ್ಜಿಯೊಬ್ಬಳು ಚೀಲ ಎತ್ತಿಕೊಂಡು ಗಾಬರಿಯಿಂದ ಎದ್ದಳು.

"ಕೊರಟಗೆರೆಗೆ ಯಾಕಪ್ಪ ಹೋಗ್ತೈತೆ ಬಸ್ಸು?"

"ಕೂತ್ಕಳಮ್ಮ, ಇವನ ಹಾಡು ಹೋಗ್ತೈತೆ. ನೀನು ಬಡವನಹಳ್ಳೀಲೇ ಇಳೀತೀಯ."

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಆ ಗಂಟಲಿನಲ್ಲಿ ಉಳಿದದ್ದು ಒಂದೇ ಪದ, ಸಿರಾ. ನೀರು ಬೇಕಾದರೂ ಸಿರಾ, ಹೆಂಡತಿ ಶಮೀಮಕ್ಕನನ್ನು ಕರೆಯಲೂ ಸಿರಾ.

ನನ್ನದೊಂದು ಹುಂಬ ನಂಬಿಕೆ, ಹಾಡು ಕೇಳಿದರೆ ಮಿಕ್ಕ ಊರುಗಳೂ ಬಾಯಿಗೆ ಬಂದಾವು ಅಂತ. ಅವನ ಮನೆಗೆ ಹೋಗಿ ದಿಂಬಿನ ಪಕ್ಕ ಫೋನಿಟ್ಟು ಅದೇ ಏಳರ ಹಾಡು ಹಾಕಿದೆ. ಅವನ ಕಣ್ಣು ಅರಳಿತು. ಎಡಗೈ ಹಾಸಿಗೆ ತಟ್ಟತೊಡಗಿತು.

"ಸಿರಾ, ಸಿರಾ, ಸಿರಾ..."

ಆರು ಏಟಾಯಿತು. ಏಳನೆಯ ಏಟಿಗೆ ಬಾಯಿ ತೆರೆದ, ಏನೂ ಬರಲಿಲ್ಲ. ಹಾಡು ಅವನನ್ನು ಬಿಟ್ಟು ಮುಂದೆ ಹೋಯಿತು. ಮತ್ತೆ ಹಿಡಿದ, ಮತ್ತೆ ಅಲ್ಲೇ ನಿಂತ. ಒಂದು ಏಟು ಕಮ್ಮಿಯಾಯಿತೆಂದು ಅವನಿಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು. ಅದನ್ನೇ ನನ್ನಿಂದ ನೋಡಲಾಗಲಿಲ್ಲ. ತಾಳವೆಲ್ಲ ಒಳಗೆ ಸರಿಯಾಗಿಯೇ ಇತ್ತು. ನಾಲ್ಕನೆಯ ಸಲ ಎಡಗೈ ಎತ್ತಿ ತನ್ನ ಬಾಯಿಗೇ ಹೊಡೆದುಕೊಂಡ. ಮತ್ತೆ ಮತ್ತೆ ಹೊಡೆದುಕೊಂಡ.

ಶಮೀಮಕ್ಕ ಓಡಿಬಂದು ಕೈ ಹಿಡಿದುಕೊಂಡಳು. "ಆಫ್ ಮಾಡಪ್ಪ ಅದ್ನ! ಇಷ್ಟೊತ್ತು ಸುಮ್ನಿದ್ರು. ನಿನ್ ಕಾಲಿಗ್ ಬೀಳ್ತೀನಿ, ಇನ್ನೊಂದ್ ಸಲ ಅದ್ನ ಇಲ್ಲಿಗೆ ತರ್ಬ್ಯಾಡ."

ಅವನ ಮನೆ ಸಿರಾ ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ದಿನಾ ಅಲ್ಲೇ ಇಳಿಯುತ್ತಿದ್ದೆ, ಹಾಡಿಲ್ಲದೆ ಬರಿಗೈಯಲ್ಲಿ ಹೋಗಿ ಕೂರಬಹುದಿತ್ತು. ಹೆದರಿಕೆ. ಹೋಗಲಿಲ್ಲ. ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಹೊಸ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾ ಕೇಳಿದ.

"ದಾದಾಪೀರಣ್ಣ ಹೋಗ್ಬುಟ್ರಲ್ಲ ಸಾರ್. ನಿನ್ನೆ ಮಣ್ಣು ಮಾಡಿದ್ರು. ನಿಮಗೆ ಗೊತ್ತಿಲ್ವಾ?"

ಗೊತ್ತಿಲ್ಲ ಎಂದೆ.