ಪಕ್ಕದ ಮನೆಯ ವಾರ್ತಾವಾಚಕಿ

ಸ್ಟಾಕ್‌ಪೋರ್ಟ್ ಎಂಬ ಇಂಗ್ಲಿಷ್ ಊರಿನಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದ ರಷ್ಯಾದ ಹೆಂಗಸು ಮಗಳನ್ನು ಗದರುವಾಗಲೂ ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟವರಲ್ಲ. ನಮ್ಮಿಬ್ಬರ ಮನೆಗಳ ನಡುವಿನ ಗೋಡೆ ತೆಳು. ಭಾಷೆ ಅರ್ಥವಾಗದಿದ್ದರೂ ಎಲ್ಲಿ ಮಾತು ಮುಗಿಯಿತು ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು.

ನಮ್ಮ ಹೆಣ್ಣುಮಕ್ಕಳಿಬ್ಬರೂ ಒಂದೇ ತರಗತಿ. ಹಾಗಾಗಿ ಪರಿಚಯವಾಯಿತು. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ, ಹತ್ತೊಂಬತ್ತು ವರ್ಷ ಟಿವಿಯಲ್ಲಿ ವಾರ್ತೆ ಓದಿದ್ದಾಗಿ ಹೇಳಿದರು. ಶುರುವಾಗಿದ್ದು ನದಿ ದಂಡೆಯ ಸಣ್ಣ ಊರಿನ ಕೇಂದ್ರದಲ್ಲಿ. ಮೊದಲ ವಾರವೇ ಪ್ರವಾಹ ಬಂದು ಸ್ಟುಡಿಯೋದ ದೀಪಗಳು ಕೈಕೊಟ್ಟಾಗ, ಕ್ಯಾಮೆರಾದವನು ಹಿಡಿದ ಟಾರ್ಚ್ ಬೆಳಕಿನಲ್ಲಿ ನೀರಿನ ಮಟ್ಟ ಓದಿದರಂತೆ. ಆಮೇಲೆ ರಾಜಧಾನಿ, ಸಂಜೆಯ ವಾರ್ತೆ. ಮಾರುಕಟ್ಟೆಯಲ್ಲಿ ಮೀನು ಮಾರುವವಳು ಇವರ ದನಿ ಕೇಳಿಯೇ ತಲೆಯೆತ್ತುತ್ತಿದ್ದಳಂತೆ.

ಯುದ್ಧ ಶುರುವಾದ ಮೇಲೆ ಒಂದು ದಿನ, ಗಡಿಯಾಚೆಯ ಊರೊಂದರ ಮನೆಗಳಿಗೆ ಯಾವ ಹಾನಿಯೂ ಆಗಿಲ್ಲವೆಂಬ ಸುದ್ದಿ ಅವರ ಕೈಗೆ ಬಂತು. ಅದೇ ಊರಿನಿಂದ, ಅದೇ ಬೆಳಿಗ್ಗೆ, ಅವರ ಚಿಕ್ಕಮ್ಮನ ಮಗಳು ನೆಲಮಾಳಿಗೆಯಲ್ಲಿ ಅಡಗಿ ಕೂತು ಫೋನಿನಲ್ಲಿ ಅತ್ತಿದ್ದಳು.

“ಓದಿದಿರಾ?” ಎಂದು ಕೇಳಿದೆ.

“ಓದಿದೆ. ಒಂದು ಅಕ್ಷರವೂ ತಪ್ಪಲಿಲ್ಲ,” ಎಂದರು. “ಹನ್ನೊಂದು ದಿನ ಅಂಥದ್ದನ್ನೇ ಓದಿದೆ. ಹನ್ನೆರಡನೆಯ ದಿನ ಮೇಕಪ್ ಕುರ್ಚಿಯಿಂದ ಎದ್ದು ಕೋಟು ಹಾಕಿಕೊಂಡು ಹೊರಗೆ ಬಂದೆ.”

ಆ ತಂಗಿ ಬದುಕಿದ್ದಾಳೆ, ಆದರೆ ಇವರ ಫೋನ್ ಎತ್ತುವುದಿಲ್ಲ. ಕಪ್ಪಿಗೆ ಇನ್ನಷ್ಟು ಚಹಾ ಹಾಕಿದೆ.

ಇಲ್ಲಿ ಆಶ್ರಯ ಕೇಳಿ ಅರ್ಜಿ ಹಾಕಿ ಎರಡು ವರ್ಷ ಕಾದರು. ಅಲ್ಲಿಯವರೆಗೆ ಕೆಲಸ ಮಾಡುವ ಹಾಗಿರಲಿಲ್ಲ. ಪೋಸ್ಟಿನವನು ಬಾಗಿಲಿಗೆ ಬಂದರೆ ಗೋಡೆಯಾಚೆ ಮಾತು ತಟ್ಟನೆ ನಿಲ್ಲುತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಗ ಅವರು ಮಗಳೊಂದಿಗೆ ಬಂದು ನಿಂತರು. ಕೈಯಲ್ಲಿ ಒಡೆಯದ ಲಕೋಟೆ.

“ನೀವು ಓದಿ. ನನ್ನ ಬಾಯಿಂದ ಬೇಡ.”

ಒಲೆ ಆರಿಸಿ, ಒದ್ದೆ ಕೈ ಒರೆಸಿಕೊಂಡು ಲಕೋಟೆ ಒಡೆದೆ. ‘ನಾವು ವಿಷಾದಿಸುತ್ತೇವೆ’ ಎಂದು ಓದಿ ಅಲ್ಲಿಗೇ ನಿಲ್ಲಿಸಿದೆ. ಅವರು ಮೇಜಿನ ಅಂಚು ಹಿಡಿದುಕೊಂಡರು. ಹಾಲ್‌ನಿಂದ ನನ್ನ ಗಂಡ, “ಏನಾಯ್ತೇ? ರಿಜೆಕ್ಟ್ ಮಾಡಿಬಿಟ್ರಾ?” ಎಂದು ಎದ್ದು ಬಂದರು.

“ಸುಮ್ನಿರಿ ಸ್ವಲ್ಪ, ಓದ್ತಿದೀನಿ!”

ಮುಂದಿನ ಸಾಲಿಗೆ ಕಣ್ಣು ಹಾಯಿಸಿದೆ. ವಿಷಾದ ಬರೀ ತಡವಾದದ್ದಕ್ಕೆ. ಅರ್ಜಿ ಮಂಜೂರಾಗಿತ್ತು. ತಾಯಿಗೂ ಮಗಳಿಗೂ ಇಲ್ಲಿರಲು, ದುಡಿಯಲು ಅನುಮತಿ ಸಿಕ್ಕಿತ್ತು. ಅದನ್ನು ಒಂದೇ ಉಸಿರಿನಲ್ಲಿ ಓದಿಬಿಟ್ಟೆ.

ಅವರು ಕದಲಲಿಲ್ಲ. “ತುಂಬಾ ಬೇಗ ಓದಿದಿರಿ,” ಎಂದರು. “ಇನ್ನೊಮ್ಮೆ. ನಿಧಾನವಾಗಿ.”

ನಿಧಾನವಾಗಿ ಓದಿದೆ. ಎರಡನೆಯ ಸಲ ನನಗೂ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ. ಉಳಿದದ್ದನ್ನು ನನ್ನ ಗಂಡ ಓದಿದರು. ಆಗ ಆಕೆ ಅಡುಗೆಮನೆಯ ನೆಲದ ಮೇಲೇ ಕೂತು, ಮಗಳ ತಲೆಯನ್ನು ಎದೆಗೊತ್ತಿಕೊಂಡು, ರಷ್ಯನ್ ಭಾಷೆಯಲ್ಲಿ ಏನೇನೋ ಹೇಳತೊಡಗಿದರು. ಒಂದು ವಾಕ್ಯವೂ ಪೂರ್ತಿಯಾಗಲಿಲ್ಲ.

ಈಗ ಅವರು ಬೆಳಿಗ್ಗೆ ಪಕ್ಕದ ನಗರದ ಪಿಕಡಿಲಿ ನಿಲ್ದಾಣಕ್ಕೆ ಹೋಗುವ ರೈಲು ಹಿಡಿದು ಕಾಲೇಜೊಂದರಲ್ಲಿ ದನಿಯ ಪಾಠ ಹೇಳುತ್ತಾರೆ. ಗುರುವಾರ ಸಂಜೆ, ಕಣ್ಣು ಕಾಣದವರಿಗಾಗಿ ಊರಿನ ಪತ್ರಿಕೆಯನ್ನು ಓದಿ ಧ್ವನಿಮುದ್ರಿಸುತ್ತಾರೆ. ಕಳೆದ ವಾರ ನಾನೂ ಜೊತೆಗೆ ಹೋಗಿದ್ದೆ. ಕಳೆದುಹೋದ ಬೆಕ್ಕು, ಮುಚ್ಚಿದ ರಸ್ತೆ, ಕಸದ ಗಾಡಿ ಬರುವ ದಿನ ಬದಲಾದ ಸುದ್ದಿ. ಕಸದ ಗಾಡಿಯದನ್ನು ಓದುವ ಮೊದಲು ಅವರು ಊರಿನ ಕೌನ್ಸಿಲ್ ಕಚೇರಿಗೆ ಫೋನ್ ಮಾಡಿ, ಸುದ್ದಿ ನಿಜವೇ ಎಂದು ಕೇಳಿ ಖಚಿತಪಡಿಸಿಕೊಂಡರು.